ಮುಳ್ಳು ಸೊನ್ನೆಯಲ್ಲಿತ್ತು

ಮೇ ತಿಂಗಳ ಮೊದಲ ವಾರ ನಾವು ಮೋರಿಗೆ ಇಳಿಸುವ ಪುಟ್ಟ ಗಾಡಿಯನ್ನು ಬಿಚ್ಚಿ ವರ್ಕ್‌ಶಾಪಿನ ಮೇಜಿನ ಮೇಲೆ ಮಗುಚಿದಾಗ ಅದರ ಹೊಟ್ಟೆಯಿಂದ ಒಂದು ಲೋಟದಷ್ಟು ಕರಿ ನೀರು ಸುರಿಯಿತು. ಹಿಂದಿನ ವರ್ಷ ಮೋರಿಯಲ್ಲಿ ಕುಡಿದಿದ್ದ ನೀರು. ಫಿಟರ್ ಮೂಗು ಮುಚ್ಚಿಕೊಂಡು ಕಿಟಕಿ ತೆರೆದ. ನನ್ನ ಕಣ್ಣು ಹೋದದ್ದು ಅದರಲ್ಲಿ ನೆನೆದು ಹಸಿರುಗಟ್ಟಿದ್ದ ರಿಲೇಗಳ ಕಡೆಗೆ. ಮೋಟಾರಿಗೆ ಕರೆಂಟು ಕೊಡುವ, ತೆಗೆಯುವ ಆ ಚಿಕ್ಕ ಸ್ವಿಚ್ಚುಗಳ ತುದಿಗಳೆಲ್ಲ ಸುಟ್ಟು ಕಪ್ಪಾಗಿದ್ದವು. ಎಂದರೆ ಅವು ಮೋರಿಯೊಳಗೆ ಹೋದ ದಾರಿಯುದ್ದಕ್ಕೂ ಕಿಡಿ ಹಾರಿಸುತ್ತಲೇ ಹೋಗಿ ಬಂದಿದ್ದವು. ಒಳಗೆ ಹೊತ್ತಿಕೊಳ್ಳುವ ಅನಿಲ ಇದೆಯೋ ಇಲ್ಲವೋ ನೋಡಿಕೊಂಡು ಬಾ ಎಂದು ನಾವು ಕಳಿಸಿದ್ದ ಗಾಡಿ ಕೈಯಲ್ಲಿ ಬೆಂಕಿಕಡ್ಡಿ ಗೀರುತ್ತ ಹೋಗಿತ್ತು.

ಹೋದ ವರ್ಷ ಏನೂ ಆಗಿರಲಿಲ್ಲ. ಆದರೂ ಆ ರಿಲೇಗಳನ್ನು ಕೈಯಲ್ಲಿ ಹಿಡಿದು ಮತ್ತೆ ಮತ್ತೆ ತಿರುಗಿಸಿ ನೋಡಿದೆ. ಆಗದೇ ಹೋದದ್ದಕ್ಕೂ ಹೆದರಬಹುದು ಎಂದು ನನಗೆ ಗೊತ್ತಾದದ್ದು ಅವತ್ತು.

ಚೆಂಬೂರಿನಿಂದಾಚೆ ರಿಫೈನರಿಗಳ ಕಡೆ ಹೋಗುವ ರಸ್ತೆಯಲ್ಲಿ ನಾನು ಎಂಜಿನಿಯರಾಗಿದ್ದ ರಾಸಾಯನಿಕ ಕಾರ್ಖಾನೆ ಇತ್ತು. ಪ್ಲಾಂಟಿನ ಕೊಳೆನೀರು ನೆಲದಡಿಯ ಇಟ್ಟಿಗೆ ಮೋರಿಯೊಂದರಲ್ಲಿ ಹರಿದು ಹಿಂಭಾಗದ ತೊಟ್ಟಿಗೆ ಸೇರುತ್ತಿತ್ತು. ಅರವತ್ತು ಮೀಟರ್ ಉದ್ದ, ಒಬ್ಬ ಮನುಷ್ಯ ಸೊಂಟ ಬಗ್ಗಿಸಿ ನಡೆಯುವಷ್ಟು ಎತ್ತರ. ಎರಡು ತುದಿಗೆ ಎರಡು ಮ್ಯಾನ್‌ಹೋಲು, ನಡುವೆ ಬರೀ ಕತ್ತಲು. ವರ್ಷಕ್ಕೊಮ್ಮೆ, ಮಳೆ ಶುರುವಾಗುವ ಮುಂಚೆ, ಪ್ಲಾಂಟ್ ನಿಲ್ಲಿಸಿ ಅದರ ತಳದಲ್ಲಿ ಕೂತ ಕೆಸರನ್ನು ತೆಗೆಸುತ್ತಿದ್ದರು. ತೆಗೆಯುವವರು ಆರು ಜನ. ಅವರ ಮುಂದಾಳನ್ನು ಎಲ್ಲರೂ ಮುಕಾದಮ್ ಎಂದೇ ಕರೆಯುತ್ತಿದ್ದರು. ವಿಜಾಪುರದ ಕಡೆಯವರು, ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಕಾರ್ಖಾನೆಯಲ್ಲಿ ಉಳಿದವರೆಲ್ಲ ನನ್ನನ್ನು ಮ್ಯಾಡಮ್ ಅಂದರೆ ಅವರೊಬ್ಬರು ಮಾತ್ರ ತಮ್ಮ ಊರಿನಲ್ಲಿ ಶಾಲೆಯ ಟೀಚರನ್ನು ಕರೆಯುವ ಹಾಗೆ ಬಾಯಾರ ಎನ್ನುತ್ತಿದ್ದರು. ನನ್ನ ಮೈಸೂರು ಕಡೆಯ ಕನ್ನಡ ಕೇಳಿ ನಗುತ್ತಿದ್ದರು.

ಭೋಪಾಲದ ಸುದ್ದಿ ಬಂದು ಮೂರು ವರ್ಷ ಕಳೆದಿರಲಿಲ್ಲ. ಅದಕ್ಕಿಂತ ಹತ್ತಿರದ್ದು ಇನ್ನೊಂದಿತ್ತು. ಬೇರೊಂದು ಕಾರ್ಖಾನೆಯ ಗುಂಡಿಯಲ್ಲಿ ಒಬ್ಬ ಇಳಿದು ಬಿದ್ದಿದ್ದ, ಅವನನ್ನು ಎತ್ತಲು ಇಳಿದ ಎರಡನೆಯವನೂ ಬಿದ್ದಿದ್ದ. ಆ ಎರಡನೆಯವನು ಮುಕಾದಮರು ವಾಸವಿದ್ದ ಚಾಳಿನವನೇ. ಆ ಘಟನೆಯಾದ ಮೇಲೆಯೇ ನಾನೂ ಫಿಟರನೂ ಸೇರಿ ಗಾಡಿ ಮಾಡಿದ್ದು. ಕುರ್ಲಾದ ಗುಜರಿ ಅಂಗಡಿಯಿಂದ ತಂದ ಹಳೇ ಟ್ಯಾಕ್ಸಿಗಳ ಎರಡು ವೈಪರ್ ಮೋಟಾರು, ಸೈಕಲ್ ಚೈನು, ಸರಕು ಟ್ರಾಲಿಯ ರಬ್ಬರ್ ಚಕ್ರ, ಸ್ಟೀಲಿನ ತುಂಡುಗಳನ್ನು ಬೆಸೆದ ಒಂದು ಡಬ್ಬ. ಮ್ಯಾನ್‌ಹೋಲಿನ ಬಾಯಲ್ಲಿ ಕೂತು ಉದ್ದ ಕೇಬಲ್ಲಿನ ಈಚೆ ತುದಿಯಿಂದ ನಾನು ಅದನ್ನು ನಡೆಸುತ್ತಿದ್ದೆ. ಮ್ಯಾನೇಜರ್ ಹೊರಗಿನವರಿಗೆ ತೋರಿಸುವಾಗ ಅದನ್ನು ರೋಬೋಟ್ ಎನ್ನುತ್ತಿದ್ದರು. ಮೋರಿಯ ಗ್ಯಾಂಗಿನವರು ಕಾಸವ ಅಂದರು. ಮರಾಠಿಯಲ್ಲಿ ಆಮೆ.

ಮೊದಲ ವರ್ಷದ ಆಮೆಗೆ ಮೂಗಿರಲಿಲ್ಲ. ಅದು ಬರೀ ಒಂದು ರಬ್ಬರ್ ಹೋಸನ್ನು ಒಳಗೆ ಎಳೆದುಕೊಂಡು ಹೋಗುತ್ತಿತ್ತು. ಈಚೆ ತುದಿಯಲ್ಲಿ ಕೈಮೀಟರಿನ, ಎಂದರೆ ಕೈಯಲ್ಲಿ ಹಿಡಿಯುವ ಗ್ಯಾಸ್ ಮೀಟರಿನ, ರಬ್ಬರ್ ಬುರುಡೆಯನ್ನು ಹಿಸುಕಿ ಒಳಗಿನ ಗಾಳಿಯನ್ನು ಎಳೆದು ಅಳೆಯುವುದು. ಅರ್ಧ ದಾರಿಯಲ್ಲಿ ಹೋಸು ನೀರು ಕುಡಿದು ಎಲ್ಲ ಹಾಳಾಗಿತ್ತು. ಕೊನೆಗೆ ಮುಕಾದಮ್ ತಮ್ಮ ಮೂಗನ್ನೇ ನಂಬಿ ಇಳಿದಿದ್ದರು. ಒಳಗಿನ ಕೆಟ್ಟ ಗಾಳಿ ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಆದರೆ ಅದು ಹೆಚ್ಚಾದರೆ ಮೂಗೇ ಸತ್ತುಹೋಗುತ್ತದೆ, ವಾಸನೆ ನಿಂತಿತು ಅಂದುಕೊಂಡು ಮುಂದೆ ಹೋದವನು ಬೀಳುತ್ತಾನೆ. ಇದು ಅವರಿಗೂ ಗೊತ್ತಿತ್ತು. ವಾಸನೆ ಇದ್ದರೆ ಅಂಜಿಕೆ ಇಲ್ಲ, ಹೋಯಿತು ಅಂದರೆ ಅಂಜಬೇಕು ಎಂದು ಅವರೇ ನನಗೆ ಹೇಳಿಕೊಟ್ಟಿದ್ದರು.

ಹಾಗಾಗಿ ಈ ವರ್ಷ ಮೂಗನ್ನು ಗಾಡಿಗೇ ಇಡುವುದೆಂದು ತೀರ್ಮಾನವಾಯಿತು. ಸ್ಟೋರಿನಲ್ಲಿ ಗೋಡೆಗೆ ಹಾಕುವ ಗ್ಯಾಸ್ ಡಿಟೆಕ್ಟರಿನ ಎರಡು ಸೆನ್ಸರ್ ತಲೆಗಳು ಬಿದ್ದಿದ್ದವು. ಒಂದನ್ನು ಸಹಿ ಹಾಕಿ ತಂದೆ. ಅದರೊಳಗೆ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಎರಡು ಮಣಿಗಳು, ಎರಡೂ ಸಣ್ಣ ತಂತಿಯ ಮೇಲೆ ಸದಾ ಕಾದಿರುತ್ತವೆ. ಹೊತ್ತಿಕೊಳ್ಳುವ ಅನಿಲ ಬಂದರೆ ಒಂದು ಮಣಿಯ ಮೇಲೆ ಮಾತ್ರ ಅದು ಉರಿದು ಆ ಮಣಿ ಇನ್ನಷ್ಟು ಬಿಸಿಯಾಗುತ್ತದೆ. ಎರಡರ ನಡುವಿನ ವ್ಯತ್ಯಾಸವನ್ನು ದೊಡ್ಡದು ಮಾಡಿ ಮೀಟರಿನ ಮುಳ್ಳಿಗೆ ಕೊಡಬೇಕು. ಮುಳ್ಳು ನೂರಕ್ಕೆ ಬಂದರೆ ಕಿಡಿ ಬಿದ್ದ ಕ್ಷಣ ಸ್ಫೋಟ. ಹತ್ತು ದಾಟಿದರೆ ಯಾರೂ ಇಳಿಯಬಾರದು ಎಂಬುದು ನಿಯಮ. ಹೊತ್ತಿಕೊಳ್ಳುವ ಅನಿಲವೂ ಕೊಳೆತ ಮೊಟ್ಟೆಯ ಗಾಳಿಯೂ ಒಂದೇ ಕೆಸರಿನಲ್ಲಿ ಹುಟ್ಟುವುದರಿಂದ, ಒಂದು ಇದ್ದರೆ ಇನ್ನೊಂದೂ ಇದೆ ಎಂದೇ ತಿಳಿಯುತ್ತಿದ್ದೆವು.

ರಿಲೇಗಳನ್ನು ಕಿತ್ತು ಕಿಡಿ ಹಾರಿಸದ ಪವರ್ ಟ್ರಾನ್ಸಿಸ್ಟರ್ ಹಾಕಿದೆ. ಆದರೂ ವೈಪರ್ ಮೋಟಾರಿನ ಬ್ರಷ್ಷುಗಳು ಕಿಡಿ ಹಾರಿಸುವುದನ್ನು ಯಾರೂ ತಪ್ಪಿಸಲಾರರು. ಅದಕ್ಕೆ ಮೋಟಾರು, ಸರ್ಕ್ಯೂಟು ಎಲ್ಲವನ್ನೂ ಡಬ್ಬದೊಳಗೆ ಮುಚ್ಚಿ, ಕೇಬಲ್ಲಿನ ಜೊತೆಗೇ ಒಂದು ಸಣ್ಣ ನಳಿಗೆಯಲ್ಲಿ ಪ್ಲಾಂಟಿನ ಒತ್ತಡದ ಗಾಳಿಯನ್ನು ಡಬ್ಬಕ್ಕೆ ತುಂಬುತ್ತಲೇ ಇರಬೇಕು. ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದ್ದರೆ ಮೋರಿಯ ಗಾಳಿ ಒಳಗೆ ನುಗ್ಗಲಾರದು. ಹೆಚ್ಚಿನ ಗಾಳಿ ಹೋಗಲು ಡಬ್ಬದ ಪಕ್ಕದಲ್ಲಿ ಒಂದು ಸಣ್ಣ ರಂಧ್ರ. ಒತ್ತಡ ಇಳಿದರೆ ಕರೆಂಟು ತಾನೇ ಕಡಿದುಹೋಗುವ ಹಾಗೆ ಒಂದು ಸ್ವಿಚ್ಚು. ಗಾಡಿ ಹೆಚ್ಚು ವಾಲಿದರೆ ನಾನು ಗಾಡಿ ನಡೆಸುವ ಪೆಟ್ಟಿಗೆಯ ಮೇಲೆ, ಮೀಟರಿನ ಪಕ್ಕ, ಕೆಂಪು ದೀಪ ಹತ್ತಲು ಒಂದು ಪಾದರಸದ ಸ್ವಿಚ್ಚು.

ಎರಡು ತೊಂದರೆ ಎದುರಾದವು. ಮೊದಲನೆಯದು, ಮೋಟಾರು ತಿರುಗಿದಾಗಲೆಲ್ಲ ಮೀಟರಿನ ಮುಳ್ಳು ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಮೋಟಾರಿನ ಗದ್ದಲವೆಲ್ಲ ಸೆನ್ಸರಿನ ತಂತಿಗೆ ಸೇರಿಕೊಳ್ಳುತ್ತಿತ್ತು. ಒಂದು ವಾರ ಅದರಲ್ಲೇ ಹೋಯಿತು. ಲ್ಯಾಮಿಂಗ್ಟನ್ ರೋಡಿನಲ್ಲಿ ಅಂಗಡಿ ಅಂಗಡಿ ಅಲೆದು ಜಾಲರಿ ಹೊದಿಕೆಯ ವೈರು ತಂದೆ, ಬ್ರಷ್ಷುಗಳಿಗೆ ಕೆಪಾಸಿಟರ್ ಕಟ್ಟಿದೆ, ಅರ್ಥಿಂಗ್ ವೈರುಗಳನ್ನು ಮೂರು ಸಲ ಬದಲಾಯಿಸಿದೆ. ಕೊನೆಗೊಂದು ದಿನ ಎರಡೂ ಮೋಟಾರು ಪೂರ್ತಿ ವೇಗದಲ್ಲಿ ತಿರುಗುತ್ತಿದ್ದರೂ ಮುಳ್ಳು ಕೂದಲೆಳೆಯಷ್ಟು ಮಾತ್ರ ಅಲುಗಾಡಿತು. ನಾನು ಫಿಟರನಿಗೆ ಚಹಾ ತರಿಸಿದೆ. ಅದು ಶುಕ್ರವಾರ. ಫಿಟರನ ಲೈಟರಿನಿಂದ ಗ್ಯಾಸು ಬಿಟ್ಟು ನೋಡಿದೆವು. ಮುಳ್ಳು ಸರ್ರನೆ ಅರವತ್ತಕ್ಕೆ ಏರಿತು.

ಎರಡನೆಯ ತೊಂದರೆ ಸೋರಿಕೆ. ಕೇಬಲ್ಲು ಒಳಹೋಗುವ ತೂತುಗಳಲ್ಲಿ, ಸೆನ್ಸರ್ ತಲೆ ಕೂರುವ ಬಳೆಯ ಸುತ್ತ ಗಾಳಿ ಸೋರುತ್ತಿತ್ತು. ಸಾಬೂನು ನೀರು ಹಚ್ಚಿದರೆ ನೊರೆ ಉಬ್ಬುತ್ತಿತ್ತು. ಲೋಹಾರ್ ಚಾಳಿನ ಅಂಗಡಿಯವನು ಆಗಷ್ಟೇ ಬರತೊಡಗಿದ್ದ ಸಿಲಿಕೋನ್ ಅಂಟಿನ ಟ್ಯೂಬು ಕೊಟ್ಟಿದ್ದ. ಟೂತ್‌ಪೇಸ್ಟಿನ ಹಾಗೆ ಒತ್ತಿ ಹಚ್ಚುವುದು, ಒಣಗಿದರೆ ರಬ್ಬರು. ಶನಿವಾರ ಎಲ್ಲ ಸಂದುಗಳಿಗೂ ಧಾರಾಳವಾಗಿ ಹಚ್ಚಿದೆ. ವರ್ಕ್‌ಶಾಪಿನ ತುಂಬ ವಿನಿಗರಿನ ಹಾಗೆ ಹುಳಿ ವಾಸನೆ. ಮಣಿಗಳು ಕಾದು ಸ್ಥಿರವಾಗಲಿ ಎಂದು ಸೆನ್ಸರಿಗೆ ಕರೆಂಟು ಹಾಗೇ ಬಿಟ್ಟೆ. ಧೂಳು ಕೂರಬಾರದೆಂದು ಇಡೀ ಗಾಡಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಗಿಯಾಗಿ ಕಟ್ಟಿದೆ. ಇದೆಲ್ಲ ಜೋಪಾನ ಎಂದೇ ಮಾಡಿದ್ದು.

ಸೋಮವಾರ ಬೆಳಿಗ್ಗೆ ಮುಲುಂಡಿನಿಂದ ಲೋಕಲ್ ಹಿಡಿದು ಕುರ್ಲಾದಲ್ಲಿ ಬದಲಾಯಿಸಿ ಗೇಟಿಗೆ ಬರುವಷ್ಟರಲ್ಲಿ ಸುದ್ದಿ ಕಾದಿತ್ತು. ಪ್ಲಾಂಟನ್ನು ಎರಡು ದಿನ ಮೊದಲೇ ನಿಲ್ಲಿಸಿದ್ದಾರೆ, ಮೋರಿಯ ಮ್ಯಾನ್‌ಹೋಲುಗಳನ್ನು ತೆರೆದಾಗಿದೆ, ಎಲ್ಲರೂ ನನಗಾಗಿ ಕಾಯುತ್ತಿದ್ದಾರೆ. ಪ್ಲಾಸ್ಟಿಕ್ ಬಿಚ್ಚಿ ಗಾಡಿಯನ್ನು ಕೈಬಂಡಿಗೆ ಏರಿಸಿದೆವು. ಲೈಟರಿನಿಂದ ಇನ್ನೊಮ್ಮೆ ನೋಡೋಣವೇ ಎಂಬ ಯೋಚನೆ ಬಂತು. ಶುಕ್ರವಾರ ನೋಡಿದ್ದೇನಲ್ಲ ಎಂದುಕೊಂಡೆ. ಅರ್ಧ ನಿಮಿಷದ ಕೆಲಸ. ಮಾಡಲಿಲ್ಲ.

ಮ್ಯಾನ್‌ಹೋಲಿನ ಬಾಯಲ್ಲಿ ಆ ಪರಿಚಿತ ನಾತ ಇತ್ತು. ಮುಕಾದಮ್ ತಲೆಗೆ ಬಟ್ಟೆ ಕಟ್ಟಿಕೊಂಡು ಸೊಂಟಪಟ್ಟಿ ಸರಿಮಾಡಿಕೊಳ್ಳುತ್ತಿದ್ದರು. ಗಾಡಿಯನ್ನು ಹಗ್ಗದಲ್ಲಿ ಇಳಿಸಿ, ಗಾಳಿ ಬಿಟ್ಟು, ನಾನು ಮುಂದಕ್ಕೆ ಓಡಿಸುವ ಸ್ವಿಚ್ಚು ಒತ್ತಿದೆ. ಕೇಬಲ್ಲಿನ ಮೇಲೆ ಮೀಟರಿಗೊಂದು ಬಿಳಿ ಪಟ್ಟಿ ಬಳಿದಿದ್ದೆವು. ಐದು ಮೀಟರ್, ಹತ್ತು, ಹದಿನೈದು. ಮುಳ್ಳು ಸೊನ್ನೆಯಲ್ಲಿತ್ತು. ಇಪ್ಪತ್ತು. ಸೊನ್ನೆ. ನನ್ನ ಹಿಂದೆ ನಿಂತಿದ್ದ ಮ್ಯಾನೇಜರ್ ಮೆಚ್ಚಿಗೆಯಿಂದ ಏನೋ ಅಂದರು. ಇಪ್ಪತ್ತೇಳನೆಯ ಪಟ್ಟಿ ದಾಟುತ್ತಿದ್ದಂತೆ ಕೆಂಪು ದೀಪ ಹತ್ತಿತು.

ಗಾಡಿ ವಾಲಿತ್ತು. ಹಿಂದಕ್ಕೆ ಒತ್ತಿದೆ, ಚಕ್ರ ತಿರುಗುವ ಸದ್ದು ಮೋರಿಯೊಳಗಿನಿಂದ ಕೇಳುತ್ತಿತ್ತು, ಕೇಬಲ್ಲು ಮಾತ್ರ ಸಡಿಲವಾಗಲಿಲ್ಲ. ಮುಂದಕ್ಕೆ, ಮತ್ತೆ ಹಿಂದಕ್ಕೆ. ಗ್ಯಾಂಗಿನ ಇಬ್ಬರು ಹಗ್ಗ ಹಿಡಿದು ಎಳೆದರು. ಹಗ್ಗ ಬಿಗಿಯಾಯಿತು, ಅಷ್ಟೇ. ಮೋರಿಯ ನಡುವೆ ತಳ ಕುಸಿದು ತಗ್ಗಾಗಿದೆ ಎಂದು ಮುಕಾದಮ್ ಮುಂಚೆಯೇ ಹೇಳಿದ್ದರು. ಗಾಡಿ ಅದರೊಳಕ್ಕೆ ಒಂದು ಚಕ್ರ ಇಳಿಬಿಟ್ಟು ಕೂತಿತ್ತು.

ಮ್ಯಾನೇಜರ್ ತಡಮಾಡಲಿಲ್ಲ. ಒಳಗೆ ಅನಿಲ ಇಲ್ಲವೆಂದು ಗಾಡಿಯೇ ಹೇಳಿದೆ, ಅದರ ಕೆಲಸ ಮುಗಿಯಿತು, ಮುಕಾದಮ್ ಇಳಿದು ಅದನ್ನು ಎತ್ತಿ ಹಾಕಿ ಕೆಸರಿನ ಕೆಲಸ ಶುರುಮಾಡಲಿ ಎಂದರು. ಇಳಿಯುವ ಪರವಾನಗಿಯ ಕಾಗದವನ್ನು ನನ್ನ ಮುಂದೆ ಹಿಡಿದರು. ಗಾಳಿ ಪರೀಕ್ಷಿಸಿದ್ದೇನೆ ಎಂಬ ಸಾಲಿನ ಕೆಳಗೆ ನನ್ನ ಸಹಿ ಬೇಕಿತ್ತು.

"ಸೊನ್ನಿ ಐತಲ್ರಿ ಬಾಯಾರ," ಎಂದರು ಮುಕಾದಮ್, ಹಗ್ಗವನ್ನು ಸೊಂಟಕ್ಕೆ ಸಿಕ್ಕಿಸುತ್ತ. "ಹೋಗಿ ನಿಮ್ಮ ಕಾಸವನ್ನ ಎತ್ಕೊಂಡ್ ಬರ್ತೀನಿ. ಎಷ್ಟೊತ್ತಿನ ಕೆಲಸ."

ನಾನು ಪೆನ್ನು ತೆಗೆದುಕೊಂಡೆ. ಎಡಗೈ ಇನ್ನೂ ಹಿಂದಕ್ಕೆ ಓಡಿಸುವ ಸ್ವಿಚ್ಚಿನ ಮೇಲೇ ಇತ್ತು. ಮೋರಿಯೊಳಗೆ ಚಕ್ರಗಳು ಗರಗರ ತಿರುಗುತ್ತಿದ್ದವು. ಮೀಟರಿನ ಕಡೆ ನೋಡಿದೆ. ಮುಳ್ಳು ಸೊನ್ನೆಯ ಗೆರೆಯ ಮೇಲೆ ಮೊಳೆ ಹೊಡೆದ ಹಾಗೆ ನಿಂತಿತ್ತು.

ಮೊದಲು ಅದನ್ನು ನೋಡಿ ಹೆಮ್ಮೆ ಅನ್ನಿಸಿತು. ಒಂದು ವಾರ ಒದ್ದಾಡಿ ಆ ನಡುಕವನ್ನು ನಾನೇ ನಿಲ್ಲಿಸಿದ್ದಲ್ಲವೇ. ಮರುಕ್ಷಣ ಬೇರೆಯೊಂದು ಯೋಚನೆ ಬಂತು. ಒಂದು ವರ್ಷ ಮುಚ್ಚಿದ್ದ ಮೋರಿ, ತಗ್ಗಿನ ಕೆಸರಿನೊಳಗೆ ಚಕ್ರ ಹೂಳಿಕೊಂಡು ಕಲಕುತ್ತಿರುವ ಗಾಡಿ, ಬಾಯಲ್ಲೇ ಅಷ್ಟು ನಾತ. ಇಷ್ಟೆಲ್ಲ ಇದ್ದೂ ಅರ್ಧ ಗೆರೆಯಷ್ಟೂ ಏರದ ಮುಳ್ಳು. ಅನಿಲ ಇಲ್ಲದಿದ್ದರೂ ಸೊನ್ನೆ, ಸೆನ್ಸರ್ ಸತ್ತಿದ್ದರೂ ಸೊನ್ನೆ. ಎರಡನ್ನೂ ಬೇರೆಮಾಡಿ ಹೇಳುವ ಯಾವುದೂ ನನ್ನ ಪೆಟ್ಟಿಗೆಯ ಮೇಲೆ ಇರಲಿಲ್ಲ. ನಾನು ಇಟ್ಟಿರಲಿಲ್ಲ.

ನನಗೆ ಎರಡು ಭಯ ಒಟ್ಟಿಗೇ ಬಂದವು ಎಂಬುದನ್ನು ಮುಚ್ಚಿಡಲಾರೆ. ಈ ಮನುಷ್ಯ ಒಳಗೆ ಬಿದ್ದರೆ ಎಂಬುದೊಂದು. ಏನೂ ಇಲ್ಲದ ಮೋರಿಗೆ ಹೆದರಿ ಎಲ್ಲರ ಮುಂದೆ ನಗೆಪಾಟಲಾದರೆ ಎಂಬುದು ಇನ್ನೊಂದು. ಒಂದೆರಡು ಕ್ಷಣ ಎರಡನೆಯದೇ ದೊಡ್ಡದಾಗಿತ್ತು.

"ಇಳೀಬೇಡಿ," ಎಂದೆ ಮುಕಾದಮರಿಗೆ. "ಆ ಸೊನ್ನೆ ನನಗೆ ಸರಿ ಕಾಣ್ತಿಲ್ಲ."

ಮ್ಯಾನೇಜರ್‌ಗೆ ಕನ್ನಡ ಬರುತ್ತಿರಲಿಲ್ಲ, ಆದರೆ ನಾನು ಪೆನ್ನಿನ ಕ್ಯಾಪು ಹಾಕಿದ್ದು ಕಂಡಿತು. "ಮೀಟರ್ ಝೀರೋ ದಿಖಾ ರಹಾ ಹೈ ನಾ? ಸೈನ್ ಕರೋ," ಎಂದರು. ಸೆನ್ಸರನ್ನೇ ನಂಬಲಾಗುತ್ತಿಲ್ಲ, ಸಹಿ ಮಾಡಲಾರೆ ಎಂದೆ. ನೀವೇ ಮಾಡಿದ ಗಾಡಿಯನ್ನು ನೀವೇ ನಂಬದಿದ್ದರೆ ಇಷ್ಟು ದಿನ ಮಾಡಿದ್ದೇನು ಎಂದು ಕೇಳಿದರು. ಹದಿನೈದು ನಿಮಿಷ ಕೊಡಿ ಎಂದಷ್ಟೇ ಕೇಳಿದೆ.

ಗಾಡಿ ಹೊರಗೆ ಬಾರದು, ಒಳಗಿನ ಗಾಳಿ ಹೊರಗೆ ಬರಬೇಕು. ಕಣ್ಣು ಗಾಳಿಯ ನಳಿಗೆಯ ಮೇಲೆ ಬಿತ್ತು. ಪ್ಲಾಂಟಿನಿಂದ ಡಬ್ಬಕ್ಕೆ ಗಾಳಿ ತುಂಬುತ್ತಿದ್ದ ನಳಿಗೆ. ತುಂಬುವುದನ್ನು ನಿಲ್ಲಿಸಿ ಅದೇ ನಳಿಗೆಯಿಂದ ಎಳೆದರೆ, ಡಬ್ಬದ ಪಕ್ಕದ ರಂಧ್ರದಿಂದ ಮೋರಿಯ ಗಾಳಿ ಒಳಬಂದು ನಮ್ಮ ಕೈಗೇ ಸಿಗುತ್ತದೆ. ಆದರೆ ಡಬ್ಬದ ಒತ್ತಡ ಹೋದರೆ ಅದರೊಳಗೆ ಕಿಡಿ ಹಾರುವಂಥದ್ದೇನೂ ಜೀವಂತ ಇರಬಾರದು. ಕೇಬಲ್ಲಿನ ಪ್ಲಗ್ಗನ್ನೇ ಕಿತ್ತು, ಯಾರೂ ಮತ್ತೆ ಹಾಕಬಾರದೆಂದು ಫಿಟರನ ಕೈಯಲ್ಲಿ ಹಿಡಿಸಿದೆ. ಮೀಟರಿನ ಮುಳ್ಳು ಆಗಲೂ ಸೊನ್ನೆಯಲ್ಲೇ ಇತ್ತು. ಕರೆಂಟು ಇದ್ದಾಗಲೂ ಅದೇ, ಇಲ್ಲದಾಗಲೂ ಅದೇ.

ಹೋದ ವರ್ಷದ ಕೈಮೀಟರಿನ ರಬ್ಬರ್ ಬುರುಡೆಯನ್ನು ನಳಿಗೆಗೆ ಸಿಕ್ಕಿಸಿದೆವು. ಲ್ಯಾಬಿನಿಂದ ಸೀಸದ ದ್ರಾವಣದಲ್ಲಿ ಅದ್ದಿದ ಬಿಳಿ ಕಾಗದದ ಪಟ್ಟಿ ತರಿಸಿ, ಒಂದು ಗಾಜಿನ ಕೊಳವೆಯಲ್ಲಿಟ್ಟು ದಾರಿಯ ನಡುವೆ ಕೂರಿಸಿದೆವು. ಕೊಳೆತ ಮೊಟ್ಟೆಯ ಗಾಳಿ ತಾಕಿದರೆ ಆ ಕಾಗದ ಕಪ್ಪಾಗುತ್ತದೆ. ನಳಿಗೆಯಲ್ಲೂ ಡಬ್ಬದಲ್ಲೂ ತುಂಬಿರುವ ಒಳ್ಳೆಯ ಗಾಳಿಯೆಲ್ಲ ಮೊದಲು ಹೊರಬರಬೇಕು. ಇನ್ನೂರು ಸಲವಾದರೂ ಹಿಸುಕಬೇಕೆಂದು ಲೆಕ್ಕ ಹಾಕಿದೆ.

ಐವತ್ತರವರೆಗೆ ನಾನು ಹಿಸುಕಿದೆ. ಕಾಗದ ಬೆಳ್ಳಗಿತ್ತು. ಎಂಬತ್ತು. ಬೆರಳು ಸೋತವು. ಮುಕಾದಮ್ ನನ್ನ ಕೈಯಿಂದ ಬುರುಡೆ ತೆಗೆದುಕೊಂಡು ಮುಂದುವರಿಸಿದರು. ನೂರು. ನೂರಿಪ್ಪತ್ತು. ಮ್ಯಾನೇಜರ್ ಗಡಿಯಾರ ನೋಡಿ, ಗ್ಯಾಂಗಿನ ಕಡೆ ನೋಡಿ, ಮತ್ತೆ ಗಡಿಯಾರ ನೋಡಿದರು. ಕಾಗದ ಬೆಳ್ಳಗೇ ಇತ್ತು. ಇದು ಬೆಳ್ಳಗೇ ಉಳಿದರೆ ಸಹಿ ಮಾಡಬೇಕಾಗುತ್ತದೆ, ಆಮೇಲೂ ನನ್ನ ಭಯ ಹೋಗುವುದಿಲ್ಲ ಎಂದು ಯೋಚಿಸುತ್ತಿದ್ದೆ.

ನೂರೈವತ್ತರ ಹೊತ್ತಿಗೆ ಕಾಗದದ ಅಂಚಿನಲ್ಲಿ ಚಹಾ ಚೆಲ್ಲಿದಂಥ ಕಲೆ ಮೂಡಿತು. ಮುಕಾದಮರ ಕೈ ಒಂದು ಸಲ ನಿಂತಿತು. ಮತ್ತೆ ಹಿಸುಕಿದರು. ಕಲೆ ಹರಡಿತು, ಕಂದಾಯಿತು, ನೋಡುತ್ತಿದ್ದ ಹಾಗೆಯೇ ಇಡೀ ಪಟ್ಟಿ ಕಾಡಿಗೆಯಷ್ಟು ಕಪ್ಪಾಯಿತು. ಆಮೇಲೆ ಕೈಮೀಟರನ್ನು ಸಿಕ್ಕಿಸಿದೆವು. ಅದರ ಮುಳ್ಳು ಹತ್ತು, ಐವತ್ತು ಎಂದೇನೂ ನಿಲ್ಲದೆ ಕೊನೆಯ ಗೆರೆ ದಾಟಿ ಅಂಚಿಗೆ ಒರಗಿತು.

ಮುಕಾದಮ್ ಬುರುಡೆಯನ್ನು ನೆಲದ ಮೇಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, ಸೊಂಟದ ಹಗ್ಗ ಬಿಚ್ಚತೊಡಗಿದರು. ಗಂಟು ಬೇಗ ಬಿಚ್ಚಲಿಲ್ಲ. ಮ್ಯಾನೇಜರ್ ನನ್ನ ಕೈಯಿಂದ ಸಹಿಯಿಲ್ಲದ ಕಾಗದವನ್ನು ತೆಗೆದುಕೊಂಡು ಮಡಿಸಿ ಜೇಬಿಗೆ ಹಾಕಿದರು. ಎರಡು ದಿನ ಒಂದು ಬಾಯಿಂದ ಬ್ಲೋವರಿನಲ್ಲಿ ಗಾಳಿ ನುಗ್ಗಿಸಿ ಇನ್ನೊಂದು ಬಾಯಿಂದ ಹೊರಗೆ ಬಿಡಿ ಎಂದು ಹೇಳಿ ಹೋದರು.

ಆ ಮಧ್ಯಾಹ್ನ ಸ್ಟೋರಿಗೆ ಹೋಗಿ ಎರಡನೆಯ ಸೆನ್ಸರ್ ತಲೆಯ ಪೆಟ್ಟಿಗೆ ತೆರೆದೆ. ತಳದಲ್ಲಿ ಎಂಟು ಮಡಿಕೆಯ ತೆಳು ಕಾಗದವೊಂದಿತ್ತು. ಮೊದಲನೆಯ ಪೆಟ್ಟಿಗೆಯಲ್ಲೂ ಇದ್ದಿರಬೇಕು, ನಾನು ಬಿಡಿಸಿ ನೋಡಿರಲಿಲ್ಲ. ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲು: ಸಿಲಿಕೋನ್ ಇರುವ ಅಂಟು, ಎಣ್ಣೆ, ಪಾಲಿಶುಗಳನ್ನು ಇದರ ಹತ್ತಿರ ತರಬೇಡಿ, ಅವುಗಳ ಆವಿ ಮಣಿಯನ್ನು ಶಾಶ್ವತವಾಗಿ ಕೆಡಿಸುತ್ತದೆ. ಆ ಹುಳಿ ವಾಸನೆ ಮತ್ತೆ ಮೂಗಿಗೆ ಬಂದಂತಾಯಿತು. ಬಳೆಯ ಸುತ್ತ ಅಂಟು ಹಚ್ಚಿ, ಮಣಿಗಳನ್ನು ಕಾಯಿಸಿಟ್ಟು, ಮೇಲೆ ಪ್ಲಾಸ್ಟಿಕ್ ಕಟ್ಟಿ, ಒಂದು ಭಾನುವಾರ ಪೂರ್ತಿ ನಾನೇ ಅದಕ್ಕೆ ವಿಷ ಕುಡಿಸಿದ್ದೆ.

ಮ್ಯಾನೇಜರ್ ಅಷ್ಟರಲ್ಲಿ ತಾವೇ ಒಂದು ಕಾರಣ ಹುಡುಕಿಕೊಂಡಿದ್ದರು. ಸ್ಟೋರಿನಲ್ಲಿ ವರ್ಷಗಟ್ಟಲೆ ಬಿದ್ದ ಮಾಲು, ಕೆಟ್ಟಿರುತ್ತದೆ ಎಂದು. ಸುಮ್ಮನಿದ್ದರೆ ಅದೇ ನಿಜವಾಗಿ ಉಳಿಯುತ್ತಿತ್ತು. ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ಬ್ಯಾಂಕಿನಲ್ಲಿದ್ದರು, ಸಮಾಧಾನದ ಮನುಷ್ಯ. "ಯಾರಿಗೂ ಏನೂ ಆಗಿಲ್ವಲ್ಲ, ಬಿಡು," ಎಂದರು. ಹೋದ ವರ್ಷ ಸುಟ್ಟ ರಿಲೇಗಳ ಬಗ್ಗೆಯೂ ಇದೇ ಮಾತು ಹೇಳಬಹುದಿತ್ತು. ತಟ್ಟೆಯಲ್ಲಿ ಕಲಸಿದ ಅನ್ನ ಹಾಗೇ ಉಳಿಯಿತು.

ಮಾರನೆಯ ದಿನ ನಡೆದದ್ದೆಲ್ಲ ಒಂದು ಹಾಳೆಯಲ್ಲಿ ಬರೆದು ಮ್ಯಾನೇಜರ್‌ಗೆ ಕೊಟ್ಟೆ. ಅವರು ಎರಡು ಸಲ ಓದಿದರು. ಇದನ್ನು ಬರೆಯದೆಯೂ ಇರಬಹುದಿತ್ತು ಎಂದರು. ಅದು ಬೈಗುಳವೋ ಸಲಹೆಯೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಮೂರನೆಯ ದಿನ ಎರಡೂ ಬಾಯಲ್ಲಿ ಕೈಮೀಟರು ಎರಡಕ್ಕಿಂತ ಹೆಚ್ಚು ತೋರಿಸಲಿಲ್ಲ. ಪ್ರತಿ ಸಲ ಇಳಿಬಿಡುವ ಮುಂಚೆಯೂ ಲೈಟರಿನ ಗ್ಯಾಸಿಗೆ ಮುಳ್ಳು ಏಳುವುದನ್ನು ನೋಡಿಕೊಂಡೆ. ಆದರೂ ಗಾಡಿ ಕೂತಿದ್ದ ತಗ್ಗಿನ ಕೆಸರನ್ನು ಕಾಲಿನಿಂದ ಕಲಕಿದರೆ ಒಳಗಿನ ಗಾಳಿ ಮತ್ತೆ ಏಳುತ್ತದೆ. ಅದಕ್ಕೆ ಮುಖ ಮುಚ್ಚುವ ಮಾಸ್ಕ್ ಹಾಕಿಕೊಂಡೇ ಇಳಿಯಬೇಕೆಂದು ಹಟ ಹಿಡಿದೆ. ಅದರ ದಪ್ಪ ಹೋಸು ಮೇಲಿನವರೆಗೂ ಬರುತ್ತದೆ, ಮೇಲೆ ಒಬ್ಬ ಸಣ್ಣ ಕೈಬ್ಲೋವರಿನ ಹಿಡಿಕೆ ತಿರುಗಿಸಿ ಒಳ್ಳೆಯ ಗಾಳಿ ನೂಕುತ್ತಿರುತ್ತಾನೆ. ಬೆಳಿಗ್ಗೆ ಒಂಬತ್ತಕ್ಕೇ ಮಾಸ್ಕಿನ ರಬ್ಬರು, ಹೋಸಿನ ಒಂದೊಂದು ಜೋಡಣೆ ನಾನೇ ಕೂತು ನೋಡಿದ್ದೆ.

ಇಳಿಯುವ ಮುಂಚೆ ಮುಕಾದಮರನ್ನು ಪಕ್ಕಕ್ಕೆ ಕರೆದೆ. "ಮೊನ್ನೆ ಸೊನ್ನೆ ತೋರಿಸಿದ್ದು ನನ್ನ ತಪ್ಪಿಂದ," ಎಂದೆ. "ನಾನು ಹಚ್ಚಿದ ಅಂಟು ಅದನ್ನ ಕೆಡಿಸಿತ್ತು. ಹಚ್ಚಿದ ಮೇಲೆ ಒಂದು ಸಲ ಪರೀಕ್ಷೆ ಮಾಡಿದ್ರೆ ಗೊತ್ತಾಗ್ತಿತ್ತು. ಮಾಡಲಿಲ್ಲ."

ಅವರು ಮಾಸ್ಕನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಮುಖದಲ್ಲಿ ಸಿಟ್ಟೇನೂ ಕಾಣಲಿಲ್ಲ.

"ಮತ್ತ ಈ ಮಾಸ್ಕ್ ಯಾರು ನೋಡ್ಯಾರ್ರಿ?"

"ನಾನೇ."

"ಇನ್ನೊಬ್ರೂ ನೋಡ್ಲಿ ರೀ," ಎಂದರು.

ಕೆನ್ನೆಗೆ ಹೊಡೆದಂತಾಯಿತು, ಆದರೆ ಅದು ನ್ಯಾಯದ ಮಾತು. ಫಿಟರನನ್ನು ಕರೆದೆ. ಅವನು ಮಾಸ್ಕು, ಹೋಸು ಎಲ್ಲ ನೋಡಿ ಸರಿಯಾಗಿದೆ ಎಂದ. ಮಾಸ್ಕಿಗೆ ಗಾಳಿ ನೂಕುವ ಕೈಬ್ಲೋವರಿನ ಹತ್ತಿರ ಹೋಗಿ ನಿಂತವನು ಮೂಗು ಅರಳಿಸಿದ. ನಾನು ಒಂಬತ್ತಕ್ಕೆ ಅದನ್ನು ಇಟ್ಟಾಗ ನೆಲದ ಕಡೆಯಿಂದ ಗಾಳಿ ಬೀಸುತ್ತಿತ್ತು. ಈಗ ಹನ್ನೊಂದು ದಾಟಿ ಸಮುದ್ರದ ಗಾಳಿ ಎದ್ದಿತ್ತು. ಎರಡನೆಯ ಮ್ಯಾನ್‌ಹೋಲಿನಿಂದ ಹೊರಬರುತ್ತಿದ್ದ ಮೋರಿಯ ಉಸಿರು ನೇರವಾಗಿ ಬ್ಲೋವರಿನ ಬಾಯಿಗೇ ಬರುತ್ತಿತ್ತು. ಅದನ್ನೇ ನಾವು ಹೋಸಿನಲ್ಲಿ ಅವರ ಮೂಗಿಗೆ ಕಳಿಸಲಿದ್ದೆವು.

ಕೈಬ್ಲೋವರನ್ನು ಹೊತ್ತು, ಗಾಳಿ ಬರುತ್ತಿದ್ದ ಪಶ್ಚಿಮದ ಗೋಡೆಯ ಪಕ್ಕಕ್ಕೆ ಸಾಗಿಸಿದೆವು. ಕಾಗದಕ್ಕೆ ಈ ಸಲ ನಾನು ಸಹಿ ಮಾಡಿ ಫಿಟರನಿಂದಲೂ ಮಾಡಿಸಿದೆ.

ಹಗ್ಗವನ್ನು ನಾನೇ ಹಿಡಿಯುತ್ತೇನೆ ಎಂದೆ. ಗ್ಯಾಂಗಿನ ಇಬ್ಬರು ನನ್ನ ಹಿಂದೆ ಅದೇ ಹಗ್ಗ ಹಿಡಿದು ನಿಂತರು. ನಿಮಿಷಕ್ಕೊಂದು ಸಲ ಅವರು ಒಳಗಿನಿಂದ ಎಳೆಯಬೇಕು, ನಾನು ತಿರುಗಿ ಎಳೆದು ಉತ್ತರ ಕೊಡಬೇಕು. ಎಳೆತ ಬರದಿದ್ದರೆ ಮೂವರೂ ಸೇರಿ ಅವರನ್ನು ಹೊರಗೆಳೆಯುವುದು. ಮುಕಾದಮ್ ಮಾಸ್ಕ್ ಬಿಗಿದುಕೊಂಡು ಏಣಿ ಇಳಿದರು. ತಲೆ ಕಾಣದಾಯಿತು. ಆಮೇಲೆ ಹಗ್ಗವೊಂದೇ.

ಮೊದಲ ಎಳೆತ ಬಂತು. ಎರಡನೆಯದು. ಕೇಬಲ್ಲಿನ ಪಟ್ಟಿಗಳನ್ನು ಎಣಿಸುತ್ತಿದ್ದವಳಿಗೆ ಈಗ ಅವರು ಎಷ್ಟು ದೂರದಲ್ಲಿದ್ದಾರೆ ಎಂಬುದೇ ತಿಳಿಯುತ್ತಿರಲಿಲ್ಲ. ಏಳನೆಯ ನಿಮಿಷ ಎಳೆತ ಬರಲಿಲ್ಲ. ಗಡಿಯಾರದ ಸೆಕೆಂಡಿನ ಮುಳ್ಳು ಹನ್ನೆರಡು ದಾಟಿ ಒಂದಕ್ಕೆ ಬಂತು, ಎರಡಕ್ಕೆ ಬಂತು. ಹಿಂದಿದ್ದವರಿಗೆ ಎಳೆಯಿರಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಹಗ್ಗ ಒಂದು ಸಲ ಜಗ್ಗಿತು. ಎರಡು ಕೈಯಿಂದಲೂ ಗಾಡಿಯನ್ನು ಎತ್ತುತ್ತಿದ್ದರಂತೆ.

ಮೊದಲು ಗಾಡಿ ಬಂತು, ಕೆಸರು ಸುರಿಸುತ್ತ. ಯಾರೋ ಅದನ್ನು ಎಳೆದು ಪಕ್ಕಕ್ಕೆ ಹಾಕಿದರು. ಆಮೇಲೆ ಏಣಿಯ ಮೇಲೆ ಒಂದು ಕೈ, ಮಾಸ್ಕು, ಹೆಗಲು. ಅವರು ಅಂಚಿನ ಮೇಲೆ ಕೂತು ಮಾಸ್ಕ್ ಕಿತ್ತು ಬಾಯಿಂದ ಉಸಿರೆಳೆದುಕೊಂಡರು. ಮುಖದ ಮೇಲೆ ರಬ್ಬರಿನ ಗುಂಡಗಿನ ಗುರುತು ಕೆಂಪಾಗಿ ಮೂಡಿತ್ತು. ಸೊಂಟದ ಗಂಟು ಬಿಚ್ಚಲು ಹಗ್ಗವನ್ನು ತಮ್ಮ ಕಡೆ ಎಳೆದುಕೊಂಡರು, ಅದು ಬರಲಿಲ್ಲ. ನಾನಿನ್ನೂ ಹಿಡಿದೇ ಇದ್ದೆ. ಬಿಡಬೇಕೆಂದು ಗೊತ್ತಿತ್ತು, ಬೆರಳುಗಳು ತೆರೆಯುತ್ತಿರಲಿಲ್ಲ. ಅವರು ಎದ್ದು ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಕೆಸರಿನ ಕೈಯಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

"ಬಿಡ್ರಿ ಬಾಯಾರ," ಎಂದರು. "ನಾ ಮ್ಯಾಲ ಬಂದೀನಿ."